ಜಾದೂಗಾರನ ಜೋಳಿಗೆ: ಹತ್ತು ಕಟ್ಟುವ ಕಡೆ ಒಂದು ಮುತ್ತು

ಸಂತೆಯ ಮೂಲೆಯಲ್ಲೋ ಜಾತ್ರೆಯ ಬಯಲಿನಲ್ಲೋ ಆಟ ಹೂಡುತ್ತಿದ್ದ ಗಾರುಡಿಗನ ಜೋಳಿಗೆಯನ್ನು ಬೋರಲು ಹಾಕಿದರೆ ಕೆಳಗೆ ಬೀಳುತ್ತಿದ್ದ ವಸ್ತುಗಳು ಬೆರಳೆಣಿಕೆಯವು. ಮರದ ಮೂರು ಪುಟ್ಟ ಬಟ್ಟಲು, ಬಟ್ಟೆ ಸುತ್ತಿದ ನಾಲ್ಕಾರು ಉಂಡೆ, ಒಂದಷ್ಟು ನಾಣ್ಯ, ಒಂದು ಮಾರು ಹಗ್ಗ, ಒಂದು ತಂಬಿಗೆ, ಒಂದು ಡಮರು. ಇಷ್ಟನ್ನೇ ಇಟ್ಟುಕೊಂಡು ಆತ ಬಿಸಿಲಲ್ಲಿ ಜನರನ್ನು ಕದಲದಂತೆ ನಿಲ್ಲಿಸುತ್ತಿದ್ದ. ಅದರಿಂದಲೇ ಸಂಸಾರ ಸಾಗಿಸುತ್ತಿದ್ದ.

ಈಗ ಇನ್ನೊಂದು ಚಿತ್ರ ನೋಡಿ. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ನೂರು ಜಾದೂಗಳ ಪೆಟ್ಟಿಗೆಯೊಂದನ್ನು ಹುಡುಗ ಬಿಚ್ಚುತ್ತಾನೆ. ಮೊದಲ ವಾರ ಮನೆಮಂದಿಗೆಲ್ಲ ಪ್ರದರ್ಶನ. ಎರಡನೇ ವಾರ ಮೊಬೈಲ್ ಫೋನಿನಲ್ಲಿ ಇನ್ನಷ್ಟು ಗುಟ್ಟುಗಳ ಹುಡುಕಾಟ. ಮೂರನೇ ವಾರ ಊರಿಂದ ಬಂದ ಸೋದರಮಾವ ‘ಎಡಗೈ ಬಿಚ್ಚೋ ನೋಡೋಣ’ ಎನ್ನುತ್ತಾನೆ. ಅಲ್ಲಿಗೆ ಆಟ ಮುಗಿಯಿತು. ತಿಂಗಳು ಕಳೆಯುವುದರೊಳಗೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಆರು ಆಟ ಬಲ್ಲ ಗಾರುಡಿಗ ಗೆದ್ದ, ನೂರು ಗುಟ್ಟು ಬಲ್ಲ ಹುಡುಗ ಸೋತ. ಏಕೆ? ಜಾದೂ ಕಲಿಯಬೇಕೆಂದು ಹೊರಟವರೆಲ್ಲ ಮೊದಲು ಎದುರಿಸಬೇಕಾದ ಪ್ರಶ್ನೆ ಇದು. ಗುಟ್ಟು ತಿಳಿಯುವುದಕ್ಕೂ ಆಟ ಬರುವುದಕ್ಕೂ ಅಜಗಜಾಂತರ. ಗುಟ್ಟು ಐದು ನಿಮಿಷದಲ್ಲಿ ತಿಳಿದೀತು. ಆಟ ಕೈಗೆ, ಕಣ್ಣಿಗೆ, ನಾಲಿಗೆಗೆ ಇಳಿಯಲು ತಿಂಗಳುಗಳೇ ಬೇಕು. ಹೀಗೆ ಮೈಗಿಳಿದ ಆಟಗಳ ಗಂಟನ್ನೇ ಜಾದೂಗಾರನ ಸಂಗ್ರಹ ಎನ್ನಬೇಕು. ಅದನ್ನು ಕಟ್ಟಿಕೊಳ್ಳುವ ಕ್ರಮ ಹೇಗೆ ಎಂಬುದಕ್ಕೆ ಈ ವಿದ್ಯೆಯ ಇತಿಹಾಸದಲ್ಲೇ ಉತ್ತರಗಳಿವೆ.

ಸಂಗೀತದವರ ಪಾಠಾಂತರ

ಕರ್ನಾಟಕ ಸಂಗೀತ ಬಲ್ಲವರಿಗೆ ‘ಪಾಠಾಂತರ’ ಎಂಬ ಮಾತು ಹೊಸದಲ್ಲ. ಗುರುಮುಖೇನ ಕಲಿತು, ಹಾಡಿ ಹಾಡಿ ಸ್ವಂತದ್ದಾಗಿಸಿಕೊಂಡ ಕೃತಿಗಳ ಆಸ್ತಿ ಅದು. ಪುಸ್ತಕದಲ್ಲಿ ಸಾವಿರ ಕೀರ್ತನೆಗಳ ಸಾಹಿತ್ಯವಿದ್ದರೂ ಅದು ಯಾರ ಪಾಠಾಂತರವೂ ಆಗುವುದಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿವರಸೆ, ಅಲಂಕಾರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿಯನ್ನು ಪುರಂದರದಾಸರ ಹೆಸರಿಗೆ ಹೇಳುತ್ತಾರೆ. ಅವೆಲ್ಲ ಮುಗಿದ ಮೇಲೆ ಗೀತೆ, ವರ್ಣ, ಕೊನೆಗೆ ಕೃತಿ. ಸರಳೆ ಬಾರದವನು ಪಲ್ಲವಿಗೆ ಕೈಹಾಕಿದರೆ ಕೇಳುಗರು ಎದ್ದು ಹೋಗುತ್ತಾರೆ.

ಜಾದೂ ಕಲಿಕೆಗೂ ಇಂಥ ಪಾಠಪದ್ಧತಿಯನ್ನು ಒದಗಿಸಿದ ಪ್ರಯತ್ನಗಳಿವೆ. ಲಂಡನ್ನಿನ ವಕೀಲ ಏಂಜೆಲೊ ಲೂಯಿಸ್ ‘ಪ್ರೊಫೆಸರ್ ಹಾಫ್‌ಮನ್’ ಎಂಬ ಹೆಸರಿನಲ್ಲಿ 1876ರಲ್ಲಿ ‘ಮಾಡರ್ನ್ ಮ್ಯಾಜಿಕ್’ ಎಂಬ ದಪ್ಪ ಪುಸ್ತಕ ಬರೆದ. ನಾಣ್ಯ, ಎಲೆ, ಕರವಸ್ತ್ರ ಎಂದು ವಿಂಗಡಿಸಿ, ಬೆರಳು ಎಲ್ಲಿರಬೇಕೆಂಬಷ್ಟು ವಿವರವಾಗಿ ಬರೆದ ಆ ಪುಸ್ತಕ ಎಷ್ಟೋ ಹವ್ಯಾಸಿಗಳನ್ನು ಹುಟ್ಟುಹಾಕಿತು. 1926ರಲ್ಲಿ ಅಮೆರಿಕದ ಹಾರ್ಲನ್ ಟಾರ್ಬೆಲ್ ಅಂಚೆಯ ಮೂಲಕ ಜಾದೂ ಕಲಿಸುವ ಪಾಠಗಳನ್ನು ಆರಂಭಿಸಿದ. ಒಟ್ಟು 60 ಪಾಠಗಳು. ಅಂಚೆಯಣ್ಣ ಮುಂದಿನ ಪಾಠ ತಂದುಕೊಡುವವರೆಗೆ ವಿದ್ಯಾರ್ಥಿ ಕೈಯಲ್ಲಿರುವುದನ್ನೇ ತಿದ್ದಿ ತೀಡಬೇಕು. ಆ ನಿಧಾನವೇ ದೊಡ್ಡ ಮೇಷ್ಟ್ರಾಗಿತ್ತು. ಇಂದು ಒಂದರ ಹಿಂದೆ ಒಂದು ವಿಡಿಯೋ ತಾನಾಗಿ ಬಂದು ಬೀಳುವ ಕಾಲ. ಆ ನಿಧಾನವನ್ನು ಕಲಿಯುವವನೇ ತನಗೆ ತಾನು ವಿಧಿಸಿಕೊಳ್ಳಬೇಕು.

ಮೂರು ಬಟ್ಟಲಿನ ಪಾಠ

ಒಂದೇ ಆಟದ ಒಳಗೆ ಇಡೀ ವಿದ್ಯೆ ಅಡಗಿರಬಹುದು ಎಂಬುದಕ್ಕೆ ಬಟ್ಟಲು ಮತ್ತು ಉಂಡೆಯ ಆಟಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಬೋರಲು ಹಾಕಿದ ಬಟ್ಟಲಿನ ಕೆಳಗಿದ್ದ ಉಂಡೆ ಮಾಯವಾಗುತ್ತದೆ, ಪಕ್ಕದ ಬಟ್ಟಲಿನಡಿ ಕಾಣಿಸಿಕೊಳ್ಳುತ್ತದೆ, ಒಂದಿದ್ದದ್ದು ಮೂರಾಗುತ್ತದೆ. ಕಡೆಗೆ ಯಾರೂ ನಿರೀಕ್ಷಿಸದ ವಸ್ತುವೊಂದು ಬಟ್ಟಲಿನಡಿಯಿಂದ ಹೊರಬರುತ್ತದೆ.

ಈ ಆಟದ ವಯಸ್ಸು ದೊಡ್ಡದು. ಸುಮಾರು 2000 ವರ್ಷಗಳ ಹಿಂದೆ ರೋಮಿನ ತತ್ತ್ವಜ್ಞಾನಿ ಸೆನೆಕ ತನ್ನ ಪತ್ರವೊಂದರಲ್ಲಿ ಜಾದೂಗಾರನ ಬಟ್ಟಲು ಮತ್ತು ಹರಳುಗಳನ್ನು ಹೆಸರಿಸಿದ್ದಾನೆ. ಯಾರಿಗೂ ಕೇಡಾಗದ ಆ ಮೋಸವೇ ತನಗೆ ಸಂತೋಷ ಕೊಡುತ್ತದೆ, ಗುಟ್ಟು ತಿಳಿದರೆ ಸ್ವಾರಸ್ಯ ಹೋಗುತ್ತದೆ ಎಂಬುದು ಅವನ ಮಾತಿನ ಸಾರ. ಯುರೋಪಿನ ಚಿತ್ರಕಾರ ಬಾಷ್‌ನ ಹೆಸರಿನಲ್ಲಿರುವ ಚಿತ್ರವೊಂದರಲ್ಲಿ ಜಾದೂಗಾರ ಮೇಜಿನ ಮೇಲೆ ಬಟ್ಟಲಾಟ ಆಡುತ್ತಿದ್ದಾನೆ. ಬಾಗಿ ನೋಡುತ್ತ ಮೈಮರೆತ ಪ್ರೇಕ್ಷಕನ ಹಣದ ಚೀಲಕ್ಕೆ ಹಿಂದಿನಿಂದ ಒಬ್ಬ ಕೈಹಾಕಿದ್ದಾನೆ. ಗಮನ ಒಂದೆಡೆ ನೆಟ್ಟರೆ ಇನ್ನೊಂದೆಡೆ ಏನು ಬೇಕಾದರೂ ನಡೆಯಬಹುದೆಂಬ ಜಾದೂವಿನ ಮೂಲಸೂತ್ರವನ್ನು ಒಂದೇ ಚಿತ್ರ ಹೇಳಿಬಿಡುತ್ತದೆ.

ನಮ್ಮ ದೇಶದ ಬೀದಿ ಜಾದೂಗಾರರ ಬಟ್ಟಲುಗಳ ನೆತ್ತಿಯ ಮೇಲೆ ಒಂದು ಗುಬ್ಬಿಯಿರುತ್ತದೆ. ಅದನ್ನು ಬೆರಳ ಸಂದಿಯಲ್ಲಿ ಹಿಡಿದೆತ್ತಿದಾಗ ಉಳಿದ ಬೆರಳುಗಳು ಬಿಡುವಾಗಿ ತಮ್ಮ ಕೆಲಸ ಮಾಡಿಕೊಳ್ಳುತ್ತವೆ. ಮೇಜಿಲ್ಲ, ರಂಗಮಂಚವಿಲ್ಲ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಸುತ್ತಲೂ ನಿಂತವರ ನಡುವೆ ಆಡಬೇಕು. ಅಂಥ ಇಕ್ಕಟ್ಟಿನಲ್ಲಿ ಪಳಗಿದ ಕೈಗಳು ಪಾಶ್ಚಾತ್ಯರನ್ನೂ ಬೆರಗಾಗಿಸಿದವು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿಗೆ ಹೋಗಿ ಹೆಸರಾದ ಭಾರತೀಯ ಆಟಗಾರರಲ್ಲಿ ರಾಮೋ ಸಾಮಿ ಎಂಬಾತ ಮುಖ್ಯ. ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಭಾರತೀಯ ಆಟಗಾರರ ಬಗೆಗೇ ಒಂದು ಪ್ರಬಂಧ ಬರೆದ. ಹಿತ್ತಾಳೆಯ ನಾಲ್ಕು ಚೆಂಡುಗಳನ್ನು ಒಟ್ಟಿಗೆ ಆಡಿಸುವ ಆ ಕೈಚಳಕದ ಹಿಂದಿನ ಜೀವಮಾನದ ಸಾಧನೆ ಅವನನ್ನು ಕಾಡಿತು.

ಈಚಿನ ಇನ್ನೊಂದು ನಿದರ್ಶನ ಇನ್ನೂ ಸ್ವಾರಸ್ಯಕರ. ಅಮೆರಿಕದ ಪೆನ್ ಮತ್ತು ಟೆಲ್ಲರ್ ಎಂಬ ಜೋಡಿ ಇದೇ ಆಟವನ್ನು ಪಾರದರ್ಶಕ ಲೋಟಗಳಲ್ಲಿ ಆಡಿ ತೋರಿಸಿತು. ಉಂಡೆ ಯಾವಾಗ ಒಳಗೆ ಹೋಯಿತೆಂಬುದು ಕಣ್ಣೆದುರಿಗೇ ನಡೆಯುತ್ತದೆ. ಆದರೂ ಕೈಯ ವೇಗ ಮತ್ತು ಲಯಕ್ಕೆ ಸಿಕ್ಕ ನೋಡುಗರು ಬೆರಗಾಗುತ್ತಾರೆ. ಗುಟ್ಟು ಬಿಟ್ಟುಕೊಟ್ಟ ಮೇಲೂ ಉಳಿಯುವಂಥದೇನೋ ಆಟದಲ್ಲಿ ಉಂಟು. ಅಭ್ಯಾಸದಿಂದ ದಕ್ಕುವುದು ಅದು.

ಇದಕ್ಕೆ ತದ್ವಿರುದ್ಧವಾದದ್ದು ಭಾರತದ ಹಗ್ಗದ ಜಾದೂವಿನ ಕತೆ. ಹಗ್ಗ ಆಕಾಶಕ್ಕೇರುತ್ತದೆ, ಹುಡುಗ ಅದನ್ನು ಹತ್ತಿ ಮಾಯವಾಗುತ್ತಾನೆ ಎಂಬ ಈ ಆಟದಷ್ಟು ಜಗತ್ಪ್ರಸಿದ್ಧವಾದ ಜಾದೂ ಬೇರೆಯಿಲ್ಲ. ದಾರ ಹಿಡಿದು ಆಕಾಶಕ್ಕೇರುವಂತೆ ಕಾಣುವ ಮಾಯಾವಿ, ನೆಲದ ಮೇಲೇ ನಿಂತಿರುವ ನಿಜವಾದ ಮಾಯಾವಿ ಎಂಬ ದೃಷ್ಟಾಂತ ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲೂ ಬರುತ್ತದೆ. ಆದರೆ ಆಧುನಿಕ ಕಾಲದಲ್ಲಿ ಅದಕ್ಕೆ ವಿಶ್ವಖ್ಯಾತಿ ತಂದದ್ದು 1890ರಲ್ಲಿ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಪ್ರಕಟಿಸಿದ ಕಟ್ಟುಕತೆ. ಕೆಲವು ತಿಂಗಳಲ್ಲಿ ಪತ್ರಿಕೆಯೇ ಅದು ಸುಳ್ಳೆಂದು ಒಪ್ಪಿಕೊಂಡಿತು. ಆ ಒಪ್ಪಿಗೆ ಯಾರ ಕಣ್ಣಿಗೂ ಬೀಳಲಿಲ್ಲ, ಕತೆ ಮಾತ್ರ ಲೋಕ ಸುತ್ತಿತು. ಕತೆಯಲ್ಲಿ ಬಂದಂತೆ ಅದನ್ನು ಆಡಿ ತೋರಿಸಿದವರಿಲ್ಲ. ಗಾರುಡಿಗನ ಹೊಟ್ಟೆ ಹೊರೆದದ್ದು ಮೂರು ಬಟ್ಟಲು.

ಮೊದಲು ಏನು ಕಲಿಯಬೇಕು?

ಹೊಸಬರಿಗೆ ಮೂರರಿಂದ ಐದು ಆಟ ಧಾರಾಳವಾಯಿತು. ಆದರೆ ಆಯ್ಕೆಯಲ್ಲಿ ಎಚ್ಚರ ಬೇಕು. ಐದಕ್ಕೆ ಐದೂ ಎಲೆ ಹುಡುಕುವ ಆಟಗಳಾದರೆ ನೋಡುವವರ ಪಾಲಿಗೆ ಅದು ಒಂದೇ ಆಟ. ಜಾದೂವಿನ ಪರಿಣಾಮಗಳನ್ನು ಸ್ಥೂಲವಾಗಿ ಕೆಲವು ಬಗೆಯಾಗಿ ವಿಂಗಡಿಸಬಹುದು: ಇದ್ದದ್ದು ಮಾಯವಾಗುವುದು, ಇಲ್ಲದ್ದು ಪ್ರತ್ಯಕ್ಷವಾಗುವುದು, ಒಂದು ಇನ್ನೊಂದಾಗುವುದು, ತುಂಡಾದದ್ದು ಕೂಡಿಕೊಳ್ಳುವುದು, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು, ಮನಸ್ಸಿನಲ್ಲಿದ್ದುದನ್ನು ಹೇಳುವುದು. ಒಂದೊಂದು ಬಗೆಯಿಂದ ಒಂದೊಂದು ಆರಿಸಿಕೊಂಡರೆ ಪುಟ್ಟ ಜೋಳಿಗೆಯೂ ತುಂಬಿದಂತೆ ಕಾಣುತ್ತದೆ. ಮಾಯವಾಗುವ ನಾಣ್ಯ, ಕತ್ತರಿಸಿದರೂ ಕೂಡಿಕೊಳ್ಳುವ ಹಗ್ಗ, ಬೆರಳಿನಿಂದ ಬೆರಳಿಗೆ ಜಿಗಿಯುವ ರಬ್ಬರ್ ಬ್ಯಾಂಡ್, ಮನಸ್ಸಿನಲ್ಲಿ ನೆನೆದ ಎಲೆ. ನಾಲ್ಕಕ್ಕೂ ಬೇಕಾದ ಸಾಮಗ್ರಿ ಮನೆಯಲ್ಲೇ ಇದೆ. ಯಾರ ಮನೆಗೆ ಹೋದರೂ ಅಲ್ಲಿಯೇ ಕೇಳಿ ಪಡೆದ ವಸ್ತುವಿನಲ್ಲಿ ಆಡಬಹುದಾದ ಆಟಕ್ಕೆ ಬೆಲೆ ಹೆಚ್ಚು. ಅಂಗಡಿಯಿಂದ ತಂದ ಬಣ್ಣದ ಡಬ್ಬಿ ಕಂಡೊಡನೆ ಜನ ಡಬ್ಬಿಯನ್ನೇ ಶಂಕಿಸುತ್ತಾರೆ.

ಮೊದಲನೆಯ ಆಟ ಕೈಚಳಕ ಬೇಡದ್ದಾಗಿರಲಿ. ಕೈ ನಡುಗಿದರೂ ಕೈಕೊಡದ ಲೆಕ್ಕಾಚಾರದ ಆಟಗಳು ಎಷ್ಟೋ ಇವೆ. ಬಹಳ ಮಂದಿಗೆ ಗೊತ್ತಿರುವ 21 ಎಲೆಯ ಆಟವನ್ನೇ ತೆಗೆದುಕೊಳ್ಳಿ. ಇಸ್ಪೀಟು ಕಟ್ಟಿನಿಂದ ಯಾವುದಾದರೂ 21 ಎಲೆ ಆಯ್ದುಕೊಳ್ಳಬೇಕು. ನೋಡುಗರಲ್ಲೊಬ್ಬರು ಒಂದು ಎಲೆಯನ್ನು ಮನಸ್ಸಿನಲ್ಲೇ ನೆನೆಯಲಿ. ಮುಖ ಕಾಣುವಂತೆ ಎಡದಿಂದ ಬಲಕ್ಕೆ ಒಂದೊಂದೇ ಎಲೆ ಹಂಚುತ್ತ ಏಳೇಳು ಎಲೆಗಳ ಮೂರು ಉದ್ದ ಸಾಲು ಮಾಡಿ. ಎಲೆ ಯಾವ ಸಾಲಿನಲ್ಲಿದೆ ಎಂದು ಕೇಳಿ, ಆ ಸಾಲು ಉಳಿದೆರಡರ ನಡುವೆ ಬರುವಂತೆ ಕ್ರಮ ಕೆಡಿಸದೆ ಒಟ್ಟುಗೂಡಿಸಿ. ಹೀಗೆ ಮೂರು ಬಾರಿ ಮಾಡಿದರೆ ನೆನೆದ ಎಲೆ ಮೇಲಿನಿಂದ ಎಣಿಸಿದರೂ ಕೆಳಗಿನಿಂದ ಎಣಿಸಿದರೂ 11ನೆಯದು.

ಕಾರಣ ಸರಳ. ಮೊದಲ ಬಾರಿ ಒಟ್ಟುಗೂಡಿಸಿದಾಗ ಆ ಎಲೆ 8ರಿಂದ 14ರ ನಡುವೆ ಬಂದಿರುತ್ತದೆ. ಎರಡನೇ ಬಾರಿ ಹಂಚಿದಾಗ ಅದು ತನ್ನ ಸಾಲಿನ 3, 4 ಅಥವಾ 5ನೇ ಸ್ಥಾನಕ್ಕೇ ಬೀಳಬೇಕು. ಸಾಲನ್ನು ನಡುವೆ ಇಟ್ಟಾಗ ಮೇಲಿನ ಏಳು ಸೇರಿ ಅದರ ಸ್ಥಾನ 10, 11 ಅಥವಾ 12. ಮೂರನೇ ಹಂಚಿಕೆಯಲ್ಲಿ ಈ ಮೂರೂ ಒಂದೊಂದು ಸಾಲಿಗೆ ಹೋಗಿ, ಪ್ರತಿಯೊಂದೂ ತನ್ನ ಸಾಲಿನ 4ನೆಯದಾಗುತ್ತದೆ. ಮತ್ತೆ ನಡುವೆ ಇಟ್ಟರೆ ಏಳು ಕೂಡಿಸು ನಾಲ್ಕು, ಹನ್ನೊಂದು.

ಗುಟ್ಟು ಇಷ್ಟೇ. ಇದನ್ನು ಗಟ್ಟಿಯಾಗಿ ‘ಒಂದು, ಎರಡು, ಮೂರು’ ಎಂದೆಣಿಸಿ 11ನೇ ಎಲೆ ಎತ್ತಿ ತೋರಿಸಿದರೆ ನೋಡಿದವರು ‘ಹೌದು, ಲೆಕ್ಕ ಸರಿಯಾಗಿದೆ’ ಎಂದು ಸುಮ್ಮನಾಗುತ್ತಾರೆ. ಬದಲಿಗೆ 11ನೆಯದು ಯಾವುದೆಂದು ಒಳಗೊಳಗೇ ಗುರುತಿಟ್ಟುಕೊಂಡು, ಎಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಎಲೆ ನೆನೆದವರ ಕೈಯನ್ನು ವೈದ್ಯರಂತೆ ನಾಡಿ ಹಿಡಿದು ಎಲೆಗಳ ಮೇಲೆ ನಿಧಾನವಾಗಿ ಒಯ್ಯಿರಿ. ಒಂದು ಎಲೆ ದಾಟಿ ಹೋಗಿ, ಅನುಮಾನದಿಂದ ಹಿಂದೆ ಬಂದು, ಅದರ ಮೇಲೆ ಕೈ ನಿಲ್ಲಿಸಿ. ಅದೇ ಲೆಕ್ಕ ಈಗ ಜಾದೂ ಆಯಿತು. ನೆನೆದವರು ಮಾತ್ರವಲ್ಲ, ಸುತ್ತ ನಿಂತವರೂ ಉಸಿರು ಹಿಡಿದು ಕಾಯುತ್ತಾರೆ. ಕಾಲಕ್ರಮದಲ್ಲಿ ಎಲೆಯ ಆಟಗಳು ಬದಲಾಗಬಹುದು. ಈ ಹಿಡಿದು ನಿಲ್ಲಿಸುವ ಕಲೆ ಎಲ್ಲ ಆಟಕ್ಕೂ ಒದಗಿಬರುತ್ತದೆ.

ಕಣ್ಣು ಎಲ್ಲಿ, ಮನಸ್ಸು ಅಲ್ಲಿ

ಎರಡನೆಯ ಹೆಜ್ಜೆ ಕೈಚಳಕ. ನಾಣ್ಯವೊಂದನ್ನು ಎಡಗೈ ಬೆರಳ ತುದಿಯಲ್ಲಿ ಹಿಡಿದು, ಬಲಗೈಗೆ ತೆಗೆದುಕೊಂಡಂತೆ ನಟಿಸಿ ಎಡಗೈಯಲ್ಲೇ ಉಳಿಸಿಕೊಳ್ಳುವುದು ಇಲ್ಲಿನ ಸರಳೆವರಸೆ. ಬಲಗೈ ಮುಚ್ಚಿ, ಊದಿ, ಬಿಚ್ಚಿದರೆ ನಾಣ್ಯವಿಲ್ಲ. ಸೋದರಮಾವನ ಕೈಗೆ ಸಿಕ್ಕಿಬೀಳುವುದು ಸಾಮಾನ್ಯವಾಗಿ ಈ ಆಟವೇ. ತಪ್ಪಾಗುವುದು ಬೆರಳುಗಳಿಂದಲೇ ಎಂದು ಹುಡುಗರು ತಿಳಿಯುತ್ತಾರೆ. ಬಹಳ ಸಲ ತಪ್ಪು ಕಣ್ಣಿನದು. ನಾಣ್ಯ ಇರುವ ಎಡಗೈಯನ್ನು ಅವರು ತಮಗರಿವಿಲ್ಲದೆ ನೋಡುತ್ತಾರೆ. ನೋಡುಗರ ದೃಷ್ಟಿಯೂ ಅಲ್ಲಿಗೇ ಹೋಗುತ್ತದೆ.

ಇದು ಬರಿಯ ಅನುಭವದ ಮಾತಲ್ಲ. ಮನೋವಿಜ್ಞಾನಿ ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜಾದೂಗಾರ ಚೆಂಡನ್ನು ಎರಡು ಬಾರಿ ನಿಜವಾಗಿ ಮೇಲೆ ಎಸೆಯುತ್ತಾನೆ. ಮೂರನೇ ಸಲ ಚೆಂಡನ್ನು ಕೈಯಲ್ಲೇ ಉಳಿಸಿಕೊಂಡು ಎಸೆದಂತೆ ನಟಿಸುತ್ತಾನೆ. ಅವನ ಕಣ್ಣು ಇಲ್ಲದ ಚೆಂಡನ್ನು ಹಿಂಬಾಲಿಸಿ ಮೇಲಕ್ಕೆ ಹೋದಾಗ, ನೋಡಿದವರಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿ ಚೆಂಡು ಮೇಲೆ ಹೋದುದನ್ನು ಕಂಡೆವೆಂದರು. ಅವನು ಕೈಯನ್ನೇ ನೋಡುತ್ತಿದ್ದಾಗ ಹಾಗೆ ಹೇಳಿದವರು ಸುಮಾರು ಮೂರನೇ ಒಂದು ಪಾಲು ಮಾತ್ರ. ಜಾದೂಗಾರ ಏನನ್ನು ನಂಬಿದಂತೆ ನೋಡುತ್ತಾನೋ ಜನ ಅದನ್ನು ಕಾಣುತ್ತಾರೆ.

ಆದ್ದರಿಂದ ಅಭ್ಯಾಸದ ಕ್ರಮ ಹೀಗಿರಲಿ. ಮೊದಲು ನಾಣ್ಯವನ್ನು ನಿಜವಾಗಿಯೇ ಬಲಗೈಗೆ ತೆಗೆದುಕೊಳ್ಳಿ. ಹತ್ತು ಸಲ, ಇಪ್ಪತ್ತು ಸಲ. ಆಗ ತಲೆ ಎತ್ತ ತಿರುಗುತ್ತದೆ, ಎಡಗೈ ಎಷ್ಟು ಸಡಿಲವಾಗಿ ಕೆಳಗಿಳಿಯುತ್ತದೆ ಎಂಬುದನ್ನು ಗಮನಿಸಿ. ಆಮೇಲೆ ಸುಳ್ಳು ಚಲನೆಯನ್ನು ಅದರ ಪಡಿಯಚ್ಚಾಗುವಂತೆ ತಿದ್ದಿ. ಕನ್ನಡಿ ಒಳ್ಳೆಯ ಗೆಳೆಯ, ಆದರೆ ಅದರಲ್ಲೊಂದು ತೊಡಕಿದೆ. ಕದ್ದು ಮಾಡುವ ಕ್ಷಣದಲ್ಲಿ ಕಣ್ಣು ತಾನಾಗಿ ರೆಪ್ಪೆ ಬಡಿಯುವುದುಂಟು. ಕನ್ನಡಿಯಲ್ಲಿ ಆ ತಪ್ಪು ಕಾಣುವುದೇ ಇಲ್ಲ. ಈಗ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿ ನೋಡಿಕೊಳ್ಳುವ ಅನುಕೂಲವಿದೆ. ಗುಟ್ಟು ಹುಡುಕುವುದಕ್ಕಿಂತ ಈ ಕೆಲಸಕ್ಕೆ ಆ ಯಂತ್ರ ಹೆಚ್ಚು ಉಪಯೋಗಿ.

19ನೇ ಶತಮಾನದ ಫ್ರಾನ್ಸಿನ ರಾಬರ್ಟ್ ಊದಾಂ ಆಧುನಿಕ ಜಾದೂವಿನ ಪಿತಾಮಹನೆಂದೇ ಖ್ಯಾತ. ಗಡಿಯಾರ ಮಾಡುವ ಕಸುಬಿನಿಂದ ಬಂದ ಆತ ನಾಲ್ಕು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುತ್ತಲೇ ಎದುರಿಗೆ ಪುಸ್ತಕವಿಟ್ಟು ಓದುವ ಅಭ್ಯಾಸ ಮಾಡಿದನೆಂದು ಆತ್ಮಕತೆಯಲ್ಲಿ ಬರೆದುಕೊಂಡಿದ್ದಾನೆ. ಕೈಯ ಕೆಲಸ ಕೈಗೆ, ಕಣ್ಣಿನ ಕೆಲಸ ಕಣ್ಣಿಗೆ. ಜಾದೂಗಾರನೆಂದರೆ ಮಾಂತ್ರಿಕನ ಪಾತ್ರ ವಹಿಸುವ ನಟ ಎಂಬ ಅವನ ನಿಲುವು ಇಂದಿಗೂ ಈ ಕಲೆಯ ಪಾಠಗಳ ಮೊದಲ ಸಾಲು.

ಒಂದೇ ಸಾಮಗ್ರಿಯಲ್ಲಿ ಜೀವನ ಸವೆಸಿದವರೂ ಉಂಟು. ಅಮೆರಿಕದಲ್ಲಿ ರೈಲ್ವೆ ತಂತಿ ಕಚೇರಿಯ ನೌಕರನಾಗಿದ್ದ ನೆಲ್ಸನ್ ಡೌನ್ಸ್ ಬಿಡುವಿನ ವೇಳೆಯಲ್ಲಿ ನಾಣ್ಯಗಳನ್ನು ಹಿಡಿದು ಕೂತ. ಮುಂದೆ ಗಾಳಿಯಲ್ಲಿ ನಾಣ್ಯ ಹಿಡಿದು ಟೋಪಿಗೆ ತುಂಬುವ ಆಟದಿಂದ ‘ನಾಣ್ಯಗಳ ರಾಜ’ ಎನಿಸಿಕೊಂಡ.

ಜೋಡಣೆಯ ಜಾಣತನ

ನಾಲ್ಕಾರು ಆಟ ಕೈಗೆ ಬಂದವು ಎನ್ನಿ. ಅವನ್ನು ಹೆಣೆಯುವುದು ಮುಂದಿನ ಕೆಲಸ. ಕಚೇರಿಯಲ್ಲಿ ವರ್ಣದಿಂದ ಆರಂಭಿಸಿ, ನಡುವೆ ಕೃತಿ ವಿಸ್ತರಿಸಿ, ಕೊನೆಗೆ ದೇವರನಾಮ, ಮಂಗಳ ಹಾಡುವಂತೆ ಇಲ್ಲಿಯೂ ಒಂದು ಕ್ರಮವುಂಟು. ಮೊದಲನೆಯದು ಚುರುಕಾಗಿರಬೇಕು. ಅರ್ಧ ನಿಮಿಷದಲ್ಲಿ ಏನಾದರೊಂದು ನಡೆದುಹೋಗಬೇಕು. ನಡುವೆ ಮಾತಿಗೆ, ನಗೆಗೆ, ನೋಡುಗರನ್ನು ಸೇರಿಸಿಕೊಳ್ಳಲು ಅವಕಾಶವಿರುವ ಆಟ ಬರಲಿ. ಎಲ್ಲಕ್ಕಿಂತ ಬಲವಾದದ್ದು ಕೊನೆಗೆ.

ಇದನ್ನು ನಮ್ಮ ಬೀದಿ ಜಾದೂಗಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡಮರು ಬಾರಿಸಿ ಜನ ಸೇರಿಸುವುದು, ಉಸ್ತಾದ ಮತ್ತು ಅವನ ಹುಡುಗ ‘ಜಮೂರಾ’ ನಡುವಣ ಸವಾಲು-ಜವಾಬು, ಬಟ್ಟಲಾಟ, ಕಡೆಯ ದೊಡ್ಡ ಆಟದ ಹೊಸ್ತಿಲಲ್ಲಿ ನಿಲ್ಲಿಸಿ ಕಾಸು ಕೇಳುವುದು. ಆಟ ಮುಗಿದ ಮೇಲೆ ಕೇಳಿದರೆ ಯಾರೂ ನಿಲ್ಲುವುದಿಲ್ಲವೆಂಬುದು ಹಸಿವು ಕಲಿಸಿದ ರಂಗತಂತ್ರ.

ದೊಡ್ಡ ರಂಗಮಂಚದಲ್ಲಿ ಈ ಜೋಡಣೆಯನ್ನು ಅರೆದು ಕುಡಿದವರು ಬಂಗಾಳದ ಪಿ.ಸಿ. ಸರ್ಕಾರ್ (1913-1971). ಅವರ ‘ಇಂದ್ರಜಾಲ’ ಪ್ರದರ್ಶನದಲ್ಲಿ ‘ವಾಟರ್ ಆಫ್ ಇಂಡಿಯಾ’ ಎಂಬುದೊಂದು ಪುಟ್ಟ ಆಟ. ತಂಬಿಗೆಯ ನೀರನ್ನೆಲ್ಲ ಸುರಿದು ಬರಿದು ಮಾಡಿ ಕೆಳಗಿಡುತ್ತಾರೆ. ಬೇರೆ ಆಟವಾದ ಮೇಲೆ ಮತ್ತೆ ಎತ್ತಿದರೆ ಮತ್ತೆ ನೀರು. ಪ್ರದರ್ಶನದ ಉದ್ದಕ್ಕೂ ಹೀಗೆ. ಒಂಟಿಯಾಗಿ ಆಡಿದರೆ ಸಾಧಾರಣವೆನಿಸುವ ಆಟ, ಹಲವು ಆಟಗಳನ್ನು ಪೋಣಿಸುವ ದಾರವಾಗಿ ಮೆರೆಯಿತು. ಜೋಳಿಗೆಯ ದುರ್ಬಲ ಆಟವನ್ನೂ ಜಾಗ ನೋಡಿ ಕೂರಿಸಿದರೆ ಅದಕ್ಕೆ ಕಳೆ ಬರುತ್ತದೆ.

ಎಲ್ಲಿ ನಿಲ್ಲಿಸಬೇಕೆಂಬುದೂ ಸರ್ಕಾರ್ ಅವರಿಂದಲೇ ಕಲಿಯಬೇಕಾದದ್ದು. 1956ರ ಏಪ್ರಿಲ್‌ನಲ್ಲಿ ಬಿಬಿಸಿ ದೂರದರ್ಶನದ ‘ಪನೋರಮಾ’ ನೇರ ಪ್ರಸಾರದಲ್ಲಿ ಅವರು ಯುವತಿಯೊಬ್ಬಳನ್ನು ಗರಗಸದಿಂದ ಇಬ್ಭಾಗ ಮಾಡುವ ಆಟ ತೋರಿಸಿದರು. ಆಕೆ ಎದ್ದು ಕೂರುವ ಮೊದಲೇ ಕಾರ್ಯಕ್ರಮದ ವೇಳೆ ಮುಗಿದು ಪ್ರಸಾರ ನಿಂತಿತು. ಹುಡುಗಿಗೆ ಏನಾಯಿತೆಂದು ಗಾಬರಿಗೊಂಡ ವೀಕ್ಷಕರ ದೂರವಾಣಿ ಕರೆಗಳು ಬಿಬಿಸಿಯನ್ನು ಮುತ್ತಿದವು. ಮರುದಿನ ಅವರ ಹೆಸರು ಬ್ರಿಟನ್ನಿನ ಮನೆಮಾತು.

ಹಳೆಯ ಮೂರು ಕಟ್ಟಳೆ

ಜಾದೂ ಪುಸ್ತಕಗಳು ಹೊಸಬರಿಗೆ ಸಾಮಾನ್ಯವಾಗಿ ಮೂರು ಕಟ್ಟಳೆ ಹಾಕುತ್ತವೆ. ಮುಂದೇನಾಗುತ್ತದೆಂದು ಮೊದಲೇ ಹೇಳಬೇಡ. ಒಂದೇ ಆಟವನ್ನು ಅದೇ ಜನರಿಗೆ ಕೂಡಲೇ ಮತ್ತೆ ಆಡಬೇಡ. ಗುಟ್ಟು ಬಿಟ್ಟುಕೊಡಬೇಡ.

ಮೊದಲನೆಯದರಲ್ಲಿ ಒಂದು ಲಾಭವಿದೆ. ಆಟ ಕೈಕೊಟ್ಟರೂ ದಾರಿ ಬದಲಿಸಬಹುದು. ನೆನೆದ ಎಲೆ ತಪ್ಪಿದರೆ ‘ಇದಲ್ಲವೆಂದು ನನಗೂ ಗೊತ್ತು’ ಎಂದು ನಕ್ಕು ಇನ್ನೊಂದು ಆಟಕ್ಕೆ ಹೊರಳಬಹುದು. ಹೀಗೆ ಹೊರಳಲು ಇನ್ನೊಂದು ಆಟ ಸಿದ್ಧವಿರಬೇಕಷ್ಟೆ; ಸಂಗ್ರಹ ಇರಬೇಕೆನ್ನುವುದು ಅದಕ್ಕೇ. ಎರಡನೆಯ ಕಟ್ಟಳೆಯ ಕಾರಣ ಸ್ಪಷ್ಟ. ಮೊದಲ ಸಲ ಏನಾಗುವುದೆಂದು ತಿಳಿಯದ ನೋಡುಗ ಎರಡನೇ ಸಲ ಎಲ್ಲಿ ನೋಡಬೇಕೆಂದು ಬಲ್ಲ.

ಈ ಎರಡನೆಯ ಕಟ್ಟಳೆಯನ್ನು ಮುರಿದು ಹೆಸರಾದವನು ಕೆನಡಾದ ಡೈ ವರ್ನನ್. ಯಾವ ಆಟವನ್ನಾದರೂ ಮೂರು ಬಾರಿ ನೋಡಿದರೆ ಗುಟ್ಟು ಹೇಳಬಲ್ಲೆನೆಂದು ಹೇಳಿಕೊಳ್ಳುತ್ತಿದ್ದ ಜಗತ್ಪ್ರಸಿದ್ಧ ಹೌಡಿನಿಗೆ ವರ್ನನ್ 1922ರಲ್ಲಿ ಷಿಕಾಗೊದಲ್ಲಿ ಎಲೆಯ ಆಟವೊಂದನ್ನು ತೋರಿಸಿದ. ಹೌಡಿನಿಯೇ ಸಹಿ ಮಾಡಿದ ಎಲೆ ಕಟ್ಟಿನ ನಡುವೆ ಹೋಗಿ ಮತ್ತೆ ಮೇಲಕ್ಕೆ ಬರುತ್ತಿತ್ತು. ಮೂರು ಸಲ ಮೀರಿ ಮತ್ತೆ ಮತ್ತೆ ತೋರಿಸಿದರೂ ಹೌಡಿನಿಗೆ ಗುಟ್ಟು ದಕ್ಕಲಿಲ್ಲ. ಒಂದೇ ಆಟವನ್ನು ಒಳಹೊಕ್ಕು ಅರಿತವನಿಗೆ ಮಾತ್ರ ಕಟ್ಟಳೆ ಮುರಿಯುವ ಸ್ವಾತಂತ್ರ್ಯ.

ಒಂದು ಆಟವನ್ನು ಹತ್ತು ಬೇರೆ ಬೇರೆ ಜನರ ಮುಂದೆ ಆಡಿ ಪಳಗುವ ಮೊದಲು ಹೊಸ ಆಟಕ್ಕೆ ಕೈಹಾಕದಿರುವುದು ಒಳ್ಳೆಯ ನಿಯಮ. ಪ್ರತಿ ಸಲವೂ ಎಲ್ಲಿ ನಕ್ಕರು, ಎಲ್ಲಿ ಸಂಶಯಪಟ್ಟರು, ಎಲ್ಲಿ ಆಕಳಿಸಿದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಹೊಸ ಆಟ ಸೇರಿಸುವಾಗ ಹಳೆಯದೊಂದನ್ನು ತೆಗೆಯಬೇಕೇ ಎಂದೂ ಯೋಚಿಸಿ. ಜೋಳಿಗೆ ಭಾರವಾದರೆ ಹೊರುವವನಿಗೇ ಕಷ್ಟ.

ಜೋಳಿಗೆಗೆ ಹಾಕಬಾರದ್ದು

ಏನು ಕಲಿಯಬೇಕೆಂಬಷ್ಟೇ ಮುಖ್ಯ, ಏನನ್ನು ಬಿಡಬೇಕೆಂಬುದು. ಬೆಂಕಿ, ನೀರು, ಕತ್ತಿ, ಗುಂಡುಗಳ ಆಟ ಹೊಸಬರಿಗೆ ಸಲ್ಲದು. ಚೀನೀಯನಂತೆ ವೇಷ ಹಾಕಿ ಚುಂಗ್ ಲಿಂಗ್ ಸೂ ಎಂಬ ಹೆಸರಿನಲ್ಲಿ ಮೆರೆದ ಅಮೆರಿಕದ ವಿಲಿಯಂ ರಾಬಿನ್ಸನ್ ನುರಿತವರಲ್ಲಿ ನುರಿತವನು. 1918ರ ಮಾರ್ಚ್‌ನಲ್ಲಿ ಲಂಡನ್ನಿನ ರಂಗದ ಮೇಲೆ ಬಂದೂಕಿನ ಗುಂಡು ಹಿಡಿಯುವ ಆಟದಲ್ಲಿ ನಿಜವಾದ ಗುಂಡೇ ಎದೆಗೆ ಹೊಕ್ಕಿತು; ಆತ ಉಳಿಯಲಿಲ್ಲ. 2019ರ ಜೂನ್‌ನಲ್ಲಿ ಕೋಲ್ಕತ್ತದ ಜಾದೂಗಾರ ಚಂಚಲ್ ಲಾಹಿರಿ ಮೈಗೆ ಸರಪಳಿ ಬಿಗಿಸಿಕೊಂಡು ಹೂಗ್ಲಿ ನದಿಗಿಳಿದವರು ಜೀವಂತವಾಗಿ ಮೇಲೆ ಬರಲಿಲ್ಲ. ಅನುಭವಿಗಳ ಗತಿಯೇ ಹೀಗಾದರೆ ಮೊಬೈಲ್ ನೋ‌ಡಿ ಕಲಿಯುವ ಹುಡುಗರ ಪಾಡೇನು?

ಇನ್ನೊಂದು ಅಪಾಯ ನೋಡುವವರಿಗೆ ಸಂಬಂಧಿಸಿದ್ದು. ಬರಿಗೈಯಿಂದ ವಿಭೂತಿ ಬರಿಸುವುದು, ಮನಸ್ಸು ಓದುವುದು, ನೀರನ್ನು ರಕ್ತದ ಬಣ್ಣಕ್ಕೆ ತಿರುಗಿಸುವುದು ಆಟವೆಂದು ಹೇಳಿ ಆಡಿದರೆ ಜಾದೂ. ದೈವಶಕ್ತಿಯೆಂದು ಹೇಳಿ ಆಡಿದರೆ ವಂಚನೆ. ಕೈಯ ಚಲನೆ ಎರಡರಲ್ಲೂ ಒಂದೇ. ಜಾದೂವಿನ ಗುಟ್ಟುಗಳು ಇಂಗ್ಲಿಷಿನಲ್ಲಿ ಮೊದಲಿಗೆ ವಿವರವಾಗಿ ಅಚ್ಚಾದ ಪುಸ್ತಕಗಳಲ್ಲೊಂದು ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಬರೆದದ್ದು. ಮಾಟಗಾತಿಯರೆಂಬ ಆರೋಪ ಹೊತ್ತು ಅಮಾಯಕರು ಶಿಕ್ಷೆಗೊಳಗಾಗುತ್ತಿದ್ದ ಕಾಲ ಅದು. ಅಸಾಧ್ಯವೆಂದು ಕಂಡದ್ದೆಲ್ಲ ಮಾಟವಲ್ಲ ಎಂದು ತೋರಿಸಲು ಸ್ಕಾಟ್ ಕೈಚಳಕದ ಗುಟ್ಟು ಬಿಡಿಸಿಟ್ಟ. ಆದರೆ ಈ ವಿದ್ಯೆ ಅಧಿಕಾರದ ಕೈಗೊಂಬೆಯಾದದ್ದೂ ಉಂಟು. 1856ರಲ್ಲಿ ಫ್ರೆಂಚ್ ಸರ್ಕಾರ ರಾಬರ್ಟ್ ಊದಾಂನನ್ನು ಅಲ್ಜೀರಿಯಕ್ಕೆ ಕಳಿಸಿತು. ವಿದ್ಯುತ್ಕಾಂತದ ಬಲದಿಂದ ನೆಲಕ್ಕಂಟಿದ ಪೆಟ್ಟಿಗೆಯನ್ನು ಅಲ್ಲಿನ ಬಲಶಾಲಿಗಳೂ ಎತ್ತಲಾರದಂತೆ ಮಾಡಿ, ಸ್ಥಳೀಯ ಧರ್ಮಗುರುಗಳಿಗಿಂತ ಫ್ರೆಂಚರ ಶಕ್ತಿ ಮಿಗಿಲೆಂದು ನಂಬಿಸುವುದು ಉದ್ದೇಶವಾಗಿತ್ತು.

ಈ ಗೆರೆ ಎಷ್ಟು ಸೂಕ್ಷ್ಮವೆಂಬುದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹುಲಿಕಲ್ ನಟರಾಜ್ ಅಂಥವರು ಊರೂರುಗಳಲ್ಲಿ ಪವಾಡ ಬಯಲು ಕಾರ್ಯಕ್ರಮ ನಡೆಸಿದ್ದಾರೆ. ಅಲ್ಲಿ ತೋರಿಸುವುದು ಜಾದೂವನ್ನೇ. ಪ್ರಶ್ನೆ ಕೇಳುವ ಧೈರ್ಯ ಮೂಡಲಿ ಎಂಬ ಉದ್ದೇಶ ಮಾತ್ರ ಬೇರೆ. ಆಟ ಕಲಿಯುವ ಹುಡುಗ ಹುಡುಗಿಯರು ಮೊದಲ ದಿನವೇ ನಿರ್ಧರಿಸಬೇಕಾದ ಸಂಗತಿ ಇದು. ‘ನನಗೊಂದು ಶಕ್ತಿಯಿದೆ’ ಎಂದು ನಂಬಿಸುವ ಆಟ ಜೋಳಿಗೆಯಲ್ಲಿರಬಾರದು. ಗುಟ್ಟು ಹೇಳದಿದ್ದರೂ ಇದು ಕೈಚಳಕವೆಂದು ಒಪ್ಪಿಕೊಳ್ಳುವುದರಿಂದ ಬೆರಗೇನೂ ಕಡಿಮೆಯಾಗುವುದಿಲ್ಲ.

ಜೋಳಿಗೆ ಹೊತ್ತವರು

ಕೆಲವೇ ಆಟಗಳಲ್ಲಿ ಬದುಕು ಕಟ್ಟಿದವರ ಸ್ಥಿತಿ ಈಗ ಚೆನ್ನಾಗಿಲ್ಲ. ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ, ಕೈಯಿಂದ ಕೈಗೆ ದಾಟುತ್ತಿದ್ದ ಪಾಠಾಂತರ ಅದು. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಹಾಡಿ, ಕುಣಿದು, ಆಟವಾಡಿ ಕಾಸು ಪಡೆಯುವುದನ್ನೂ ಭಿಕ್ಷಾಟನೆಯೆಂದೇ ಎಣಿಸಿತು. ಅದು ದೆಹಲಿಗೂ ಅನ್ವಯವಾಗಿತ್ತು. ಭಿಕ್ಷಾಟನೆಯನ್ನು ಅಪರಾಧವಾಗಿಸುವ ಅದರ ಕಲಮುಗಳನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿದ್ದು 2018ರಲ್ಲಿ. ಅದಕ್ಕೆ ಮುಂಚೆ, 2017ರ ಅಕ್ಟೋಬರ್‌ನಲ್ಲಿ, ಜಾದೂಗಾರರು, ಬೊಂಬೆಯಾಟದವರು, ದೊಂಬರು ನೆಲೆಸಿದ್ದ ದೆಹಲಿಯ ಕಠ್‌ಪುತ್ಲಿ ಕಾಲೊನಿ ಬುಲ್ಡೋಜರಿಗೆ ಬಲಿಯಾಯಿತು. ಆ ಕಾಲೊನಿಯ ಇಶಾಮುದ್ದೀನ್ ಖಾನ್ 1995ರಲ್ಲಿ ಬಯಲಿನಲ್ಲೇ ಹಗ್ಗ ಮೇಲೇಳುವ ಆಟ ತೋರಿಸಿ, ಶತಮಾನದ ಕಟ್ಟುಕತೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟಿದ್ದರು.

ಬೀದಿಯ ಆಟ ಕಣ್ಮರೆಯಾದರೆ ಆಟದ ಗುಟ್ಟು ನಾಶವಾಗುವುದಿಲ್ಲ. ಗುಟ್ಟುಗಳೆಲ್ಲ ಪುಸ್ತಕಗಳಲ್ಲಿವೆ, ವಿಡಿಯೋಗಳಲ್ಲಿವೆ. ಇಲ್ಲವಾಗುವುದು ಬಿಸಿಲಲ್ಲಿ ಸುತ್ತ ನಿಂತ ನೂರು ಕಣ್ಣುಗಳ ನಡುವೆ ಮೂರು ಬಟ್ಟಲನ್ನು ಸಾವಿರಾರು ಬಾರಿ ಎತ್ತಿಟ್ಟು ಪಡೆದ ತಿಳಿವಳಿಕೆ. ಅದನ್ನು ಯಾರೂ ಪೆಟ್ಟಿಗೆಯಲ್ಲಿ ಹಾಕಿ ಮಾರಲಾರರು.

ಅಟ್ಟ ಸೇರಿದ ಆ ಪೆಟ್ಟಿಗೆಯನ್ನು ಮತ್ತೆ ಇಳಿಸಿದ ಹುಡುಗನಿಗೆ ಹೇಳಬೇಕಾದ ಮಾತು ಇಷ್ಟೆ. ನೂರರಲ್ಲಿ ಮೂರನ್ನು ಆರಿಸಿಕೊ, ಉಳಿದವನ್ನು ಸದ್ಯಕ್ಕೆ ಮುಚ್ಚಿಡು. ಆ ಮೂರನ್ನು ಅಮ್ಮನಿಗೆ, ಗೆಳೆಯರಿಗೆ, ಪಕ್ಕದ ಮನೆಯ ಅಜ್ಜಿಗೆ ತೋರಿಸು, ತಿದ್ದಿಕೊ, ಮತ್ತೆ ತೋರಿಸು. ಸೋದರಮಾವ ಮುಂದಿನ ಸಲ ಬಂದು ‘ಎಡಗೈ ಬಿಚ್ಚು’ ಎಂದಾಗ ಎಡಗೈಯೂ ಬರಿದಾಗಿದ್ದರೆ ಜೋಳಿಗೆಗೆ ಒಂದು ಆಟ ಸೇರಿತೆಂದು ಲೆಕ್ಕ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹಿರಿಯರು ಹೇಳಿದ್ದು ಜಾದೂಗಾರರನ್ನು ನೋಡಿಯೇ ಇರಬೇಕು.